ಎಲ್ಮೋರ್ ಲಿಯೊನಾರ್ಡ್ ಕುದುರೆಯಿಂದ ಇಳಿದಿದ್ದು ಯಾಕೆ?

ಹಳೆಪುಸ್ತಕ_ಹುಚ್ಚ
ನಮಸ್ಕಾರ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಕಳೆದ ತಿಂಗಳು ಚರ್ಚ್ ಸ್ಟ್ರೀಟ್‌ನಲ್ಲಿ ಹಳೆ ಪುಸ್ತಕ ಕೆದಕುತ್ತಿದ್ದಾಗ ಅಮೆರಿಕದ ಎಲ್ಮೋರ್ ಲಿಯೊನಾರ್ಡ್ ಬರೆದ 'ಹೊಂಬ್ರೆ' ಸಿಕ್ಕಿತು. ತೆಳ್ಳಗಿನ ಪುಸ್ತಕ, ಒಂದೇ ಭಾನುವಾರಕ್ಕೆ ಮುಗಿಯಿತು. ಅರಿಜೋನಾ, ಕುದುರೆಗಾಡಿ, ಅಪಾಚೆ ಬುಡಕಟ್ಟಿನವರ ನಡುವೆ ಬೆಳೆದ ಒಬ್ಬ ಬಿಳಿಯ. ಓದಿ ಸುಸ್ತಾದೆ, ಅಷ್ಟು ಚೆನ್ನಾಗಿದೆ.

ಆಮೇಲೆ ಹುಡುಕಿದರೆ 'ಗೆಟ್ ಶಾರ್ಟಿ', 'ರಮ್ ಪಂಚ್', 'ಔಟ್ ಆಫ್ ಸೈಟ್' ಎಲ್ಲ ಇದೇ ಮನುಷ್ಯನದು! ನಾನು ಸಿನಿಮಾಗಳನ್ನು ನೋಡಿದ್ದೆ, ಹೆಸರು ಗಮನಿಸಿರಲಿಲ್ಲ. ಈಗ ಕೇಳೋದು ಇಷ್ಟೇ. 1961ರಲ್ಲಿ ಇಂಥ ವೆಸ್ಟರ್ನ್, ಅಂದರೆ ಕೌಬಾಯ್ ಕಾಲದ ಕಥೆ, ಬರೆದವನು ಅದನ್ನು ಯಾಕೆ ಬಿಟ್ಟ? ಬಿಟ್ಟು ಪತ್ತೇದಾರಿ ಕಡೆಗೆ ಯಾಕೆ ಹೋದ? ಬೇಜಾರಾಯಿತಾ, ದುಡ್ಡಿಗಾ, ಇನ್ನೇನಾದರೂ ಕಥೆ ಇದೆಯಾ?

ಕೊನೆಬೆಂಚು
ದುಡ್ಡು. ಮುಂದಿನ ಪ್ರಶ್ನೆ.

ಪದಪದ್ಮ
ಮೊದಲು ಹೆಸರು ಸರಿ ಮಾಡಿಕೊಳ್ಳಿ. ಅದು ಸ್ಪ್ಯಾನಿಶ್ ಪದ, 'ಓಂಬ್ರೆ' ಅನ್ನಬೇಕು. ಹ ಉಚ್ಚಾರ ಇಲ್ಲ. ಅರ್ಥ ಗಂಡಸು, ಮನುಷ್ಯ. ಕಥೆಗೆ ಆ ಅರ್ಥ ಮುಖ್ಯ. ಬಂಡಿಯಲ್ಲಿ ಇರುವವರು ಅವನನ್ನು ಮನುಷ್ಯ ಅಂತ ಲೆಕ್ಕಕ್ಕೆ ಇಡುತ್ತಾರೋ ಇಲ್ಲವೋ ಅನ್ನೋದೇ ಅಲ್ವಾ ಇಡೀ ಪುಸ್ತಕ?

ಹಳೆಪುಸ್ತಕ_ಹುಚ್ಚ
ಸರಿ ಮೇಡಂ, ಓಂಬ್ರೆ. ನಮ್ಮ ಕಡೆ ಹಕಾರ ತಿನ್ನೋರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಕಷ್ಟ ಇಲ್ಲ.

ಲೆಕ್ಕದ_ಮೇಷ್ಟ್ರು
ಕೊನೆಬೆಂಚಿನವರು ಹೇಳಿದ್ದು ಒರಟಾಗಿದೆ, ಆದರೆ ಸುಳ್ಳಲ್ಲ. ಲೆಕ್ಕ ನೋಡಿ.

ಲಿಯೊನಾರ್ಡ್ ಹುಟ್ಟಿದ್ದು 1925ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಸೇರಿ ಪೆಸಿಫಿಕ್ ಕಡೆ ಇದ್ದರು. ವಾಪಸ್ ಬಂದು ಡಿಗ್ರಿ ಮುಗಿಸಿ ಕ್ಯಾಂಬೆಲ್-ಇವಾಲ್ಡ್ ಅನ್ನೋ ಜಾಹೀರಾತು ಕಂಪನಿಯಲ್ಲಿ ಕೆಲಸ. ಷೆವರ್ಲೆ ಟ್ರಕ್‌ಗಳಿಗೆ ಜಾಹೀರಾತು ಬರೆಯೋದು. ಮನೆ ತುಂಬಾ ಮಕ್ಕಳು. ಕಥೆ ಬರೆಯೋಕೆ ಸಿಗುತ್ತಿದ್ದ ಹೊತ್ತು ಬೆಳಿಗ್ಗೆ 5ರಿಂದ 7. ಕಾಫಿಗೆ ನೀರಿಡುವ ಮುಂಚೆ ಬರೆಯೋಕೆ ಶುರು ಮಾಡಬೇಕು ಅಂತ ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು.

ಈಗ ಆದಾಯ. 1953ರಲ್ಲಿ 'ಡೈಮ್ ವೆಸ್ಟರ್ನ್' ಪತ್ರಿಕೆಯಲ್ಲಿ 'ತ್ರೀ-ಟೆನ್ ಟು ಯೂಮಾ' ಕಥೆ. 4,500 ಪದ, ಪದಕ್ಕೆ 2 ಸೆಂಟ್. ಒಟ್ಟು 90 ಡಾಲರ್. 1961ರಲ್ಲಿ 'ಓಂಬ್ರೆ' ಇಡೀ ಕಾದಂಬರಿಗೆ 1,250 ಡಾಲರ್. ಅದು ಮಾರಾಟವಾಗೋಕೂ ಸುಮಾರು ಎರಡು ವರ್ಷ ಕಾಯಬೇಕಾಯಿತು. ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೊನೆಬೆಂಚು
ಮೇಷ್ಟ್ರೇ, ನಾನು ಒಂದು ಪದದಲ್ಲಿ ಹೇಳಿದ್ದನ್ನೇ ನೀವು ಮೂರು ಪ್ಯಾರಾದಲ್ಲಿ ಹೇಳಿದಿರಿ. ಪದಕ್ಕೆ 2 ಸೆಂಟ್ ಸಿಗುತ್ತಾ?

ಸಿನಿಮಾ_ಶೆಟ್ಟಿ
ಪ್ರಶ್ನೆಯಲ್ಲೇ ತಪ್ಪಿದೆ ಗುರು. 1961ಕ್ಕೆ ಅವರು ವೆಸ್ಟರ್ನ್ ಬಿಟ್ಟೇ ಇಲ್ಲ. 1970ರಲ್ಲಿ 'ವಾಲ್ಡೆಜ್ ಈಸ್ ಕಮಿಂಗ್', 1972ರಲ್ಲಿ 'ಫಾರ್ಟಿ ಲ್ಯಾಶಸ್ ಲೆಸ್ ಒನ್', 1979ರಲ್ಲಿ 'ಗನ್‌ಸೈಟ್ಸ್'. ನಡುವೆ 1972ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಟಿಸಿದ 'ಜೋ ಕಿಡ್' ಚಿತ್ರಕಥೆ ಕೂಡ ಅವರದೇ. ಅಂದರೆ ಒಂದು ದಿನ ಬೆಳಿಗ್ಗೆ ಎದ್ದು ಇನ್ನು ಕುದುರೆ ಬೇಡ ಅಂತ ತೀರ್ಮಾನ ಮಾಡಿದ್ದಲ್ಲ. ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ಕಾಲು ಕಾರಿನಲ್ಲಿ. ಹೀಗೇ ಹತ್ತು ವರ್ಷ ನಡೆಯಿತು.

ಹಳೆಪುಸ್ತಕ_ಹುಚ್ಚ
ಅಯ್ಯೋ, ಇದು ಗೊತ್ತಿರಲಿಲ್ಲ. ಹಾಗಾದರೆ 1961ರಿಂದ 1969ರವರೆಗೆ ಒಂದೂ ಕಾದಂಬರಿ ಯಾಕಿಲ್ಲ? ಪಟ್ಟಿಯಲ್ಲಿ 'ಓಂಬ್ರೆ' ಆದಮೇಲೆ ನೇರ 'ದಿ ಬಿಗ್ ಬೌನ್ಸ್' ಬರುತ್ತದೆ. ಎಂಟು ವರ್ಷ ಖಾಲಿ.

ಲೆಕ್ಕದ_ಮೇಷ್ಟ್ರು
ಆ ಎಂಟು ವರ್ಷವೇ ನಿಮ್ಮ ಪ್ರಶ್ನೆಗೆ ಉತ್ತರ. 1961ರಲ್ಲಿ ಕೆಲಸ ಬಿಟ್ಟರು, ಪೂರ್ತಿ ಹೊತ್ತು ಬರೆಯೋಣ ಅಂತ. ಆದರೆ ವೆಸ್ಟರ್ನ್ ಮಾರುಕಟ್ಟೆ ಅಷ್ಟು ಹೊತ್ತಿಗೆ ಮುಳುಗುತ್ತಿತ್ತು. ಕಥೆಗಳನ್ನು ಕೊಳ್ಳುತ್ತಿದ್ದ ಅಗ್ಗದ ಕಾಗದದ ಪಲ್ಪ್ ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. 50ರ ದಶಕದ ಕೊನೆಯಲ್ಲಿ ಅಮೆರಿಕದ ಟಿವಿಯಲ್ಲಿ ವಾರಕ್ಕೆ ಸುಮಾರು 30 ವೆಸ್ಟರ್ನ್ ಸರಣಿ ಬರುತ್ತಿದ್ದವು. ಮನೆಯಲ್ಲಿ ಪುಕ್ಕಟೆ ಕುದುರೆ ಓಡುವಾಗ ದುಡ್ಡು ಕೊಟ್ಟು ಓದೋರು ಯಾರು? ಹೊಟ್ಟೆಪಾಡಿಗೆ ಮತ್ತೆ ಜಾಹೀರಾತು, ಕೈಗಾರಿಕೆಗಳ ಪ್ರಚಾರ ಚಿತ್ರ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದವರು ಶಾಲೆಗಳಿಗೆ ಮಾಡುತ್ತಿದ್ದ ಪಾಠದ ಚಿತ್ರಗಳು, ಇವನ್ನೆಲ್ಲ ಬರೆದರು.

ಬಿಡಿಸಿದ್ದು ಮತ್ತೆ 'ಓಂಬ್ರೆ'ನೇ. ಅದರ ಸಿನಿಮಾ ಹಕ್ಕು 10,000 ಡಾಲರ್‌ಗೆ ಹೋಯಿತು. ಆ ದುಡ್ಡಿನಲ್ಲಿ ಕೂತು 'ದಿ ಬಿಗ್ ಬೌನ್ಸ್' ಬರೆದರು. 1967ರಲ್ಲಿ ಪಾಲ್ ನ್ಯೂಮನ್ ಹಾಕಿಕೊಂಡು 'ಓಂಬ್ರೆ' ಸಿನಿಮಾನೂ ಬಂತು.

ನಿದ್ದೆಗೆಟ್ಟವಳು
'ದಿ ಬಿಗ್ ಬೌನ್ಸ್' ಎಷ್ಟು ಸಲ ವಾಪಸ್ ಬಂತು ಗೊತ್ತಾ? 84 ಸಲ! ಪ್ರಕಾಶಕರು, ಸಿನಿಮಾದವರು ಎಲ್ಲ ಸೇರಿ. ನನ್ನ ಒಂದು ಕಥೆ ಎರಡು ವಾರಪತ್ರಿಕೆಯಿಂದ ವಾಪಸ್ ಬಂದಿದ್ದಕ್ಕೆ ನಾನು ಮೂರು ವರ್ಷ ಪೆನ್ನು ಮುಟ್ಟಿಲ್ಲ. 84 ಅಂದರೆ ಅಂಚೆಯವನಿಗೇ ಕಥೆ ಬಾಯಿಪಾಠ ಆಗಿರಬೇಕು.

ಬಿಸಿಬೇಳೆ
ವಾಪಸ್ ಆದರೂ ಬಂತಲ್ಲ ಅಕ್ಕ. ನಾನು ಕಳಿಸಿದ್ದು ಬಾವಿಗೆ ಕಲ್ಲು ಹಾಕಿದ ಹಾಗೆ. ಸದ್ದೂ ಇಲ್ಲ.

ಸಿನಿಮಾ_ಶೆಟ್ಟಿ
ಅದೇ ಕಾದಂಬರಿ 1969ರಲ್ಲಿ ಸಿನಿಮಾ ಆಯಿತು. ಪ್ರಪಂಚದ ಎರಡನೇ ಅತಿ ಕೆಟ್ಟ ಸಿನಿಮಾ ಅಂತ ಲಿಯೊನಾರ್ಡ್ ತಮಾಷೆ ಮಾಡುತ್ತಿದ್ದರು. 2004ರಲ್ಲಿ ಅದನ್ನೇ ಮತ್ತೆ ತೆಗೆದರು. ಆಗ ಮೊದಲನೇದು ಯಾವುದು ಅಂತ ಅವರಿಗೆ ಗೊತ್ತಾಯಿತಂತೆ.

ಪತ್ತೇದಾರಿ_ಪುಟ್ಟಣ್ಣ
ಎಲ್ಲರೂ ಒಂದು ತಪ್ಪು ಮಾಡುತ್ತಿದ್ದೀರಿ. ಲಿಯೊನಾರ್ಡ್ ಪತ್ತೇದಾರಿ ಕಾದಂಬರಿಕಾರನೇ ಅಲ್ಲ. ಪತ್ತೇದಾರಿ ಅಂದರೆ ಕೊಲೆ ಆಗಬೇಕು, ಯಾರು ಮಾಡಿದ್ದು ಅಂತ ಗೊತ್ತಿರಬಾರದು, ಒಬ್ಬ ಪತ್ತೇದಾರ ಸುಳಿವು ಕೂಡಿಸಿಕೊಂಡು ಕೊನೇ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಹೇಳಬೇಕು. ಇವನ ಪುಸ್ತಕದಲ್ಲಿ ಕೊಲೆಗಾರ ಯಾರು ಅಂತ ಎರಡನೇ ಪುಟಕ್ಕೇ ಗೊತ್ತು. ಅವನ ಊಟ, ಅವನ ಅಂಗಿ, ಅವನ ಗರ್ಲ್‌ಫ್ರೆಂಡ್ ಜೊತೆ ಜಗಳ, ಎಲ್ಲ ಗೊತ್ತು. ಏನು ಪತ್ತೆ ಮಾಡೋದು ಬಂತು?

ಕೊನೆಬೆಂಚು
ಓದುಗನೇ ಪತ್ತೇದಾರ. ಮಧ್ಯದಲ್ಲಿ ಕಥೆ ಎಲ್ಲಿಗೆ ಹೋಯಿತು ಅಂತ ಹುಡುಕುತ್ತಾ ಇರಬೇಕು.

ಪದಪದ್ಮ
ಪುಟ್ಟಣ್ಣ, ಅರ್ಧ ಒಪ್ಪುತ್ತೇನೆ. ಆದರೆ ಪೊಲೀಸ್ ಪತ್ತೇದಾರರು ಇವರ ಪುಸ್ತಕದಲ್ಲಿ ಇಲ್ಲ ಅನ್ನಬೇಡಿ. 1978ರಲ್ಲಿ 'ಡೆಟ್ರಾಯಿಟ್ ನ್ಯೂಸ್' ಪತ್ರಿಕೆಗೆ ಒಂದು ಲೇಖನ ಬರೆಯೋಕೆ ಅಂತ ಡೆಟ್ರಾಯಿಟ್ ಪೊಲೀಸರ ಕೊಲೆ ತನಿಖಾ ತಂಡದ ಜೊತೆ ಹೋಗಿ ಕೂತರು. ಸುಮ್ಮನೆ ಒಂದು ಮೂಲೆಯಲ್ಲಿ ಕೂತು ಅವರು ಹೇಗೆ ಮಾತಾಡುತ್ತಾರೆ, ಶಂಕಿತರು ಹೇಗೆ ಸುಳ್ಳು ಹೇಳುತ್ತಾರೆ ಅಂತ ಕೇಳಿಸಿಕೊಂಡರು. ಆಮೇಲೆ ಬಂದದ್ದು 1980ರ 'ಸಿಟಿ ಪ್ರೈಮೀವಲ್'. ಅದರ ನಾಯಕ ರೇಮಂಡ್ ಕ್ರೂಜ್ ಕೊಲೆ ತನಿಖೆ ಮಾಡುವ ಪೊಲೀಸ್ ಅಧಿಕಾರಿ. ಅದೂ ಪತ್ತೇದಾರಿ ಅಲ್ಲ ಅಂದರೆ ಇನ್ಯಾವುದು?

ಇನ್ನೊಂದು. ಅಮೆರಿಕದ ಮಿಸ್ಟರಿ ಲೇಖಕರ ಸಂಘ 1984ರಲ್ಲಿ 'ಲಾಬ್ರಾವಾ' ಕಾದಂಬರಿಗೆ ಎಡ್ಗರ್ ಪ್ರಶಸ್ತಿ ಕೊಟ್ಟಿತು. 1992ರಲ್ಲಿ ಗ್ರ್ಯಾಂಡ್ ಮಾಸ್ಟರ್ ಗೌರವ. ಆ ಸಂಘದವರಿಗಿಂತ ನೀವು ದೊಡ್ಡವರಾ?

ಪತ್ತೇದಾರಿ_ಪುಟ್ಟಣ್ಣ
ಪ್ರಶಸ್ತಿ ಕೊಟ್ಟ ಮಾತ್ರಕ್ಕೆ ಇಡ್ಲಿ ದೋಸೆ ಆಗುತ್ತಾ ಮೇಡಂ?

ಪದಪದ್ಮ
ಹಿಟ್ಟು ಒಂದೇ ಅಲ್ವಾ?

ಡೆಟ್ರಾಯಿಟ್_ದೊರೆ
ತಡವಾಗಿ ಬಂದೆ, ಇಲ್ಲಿ ಈಗ ಬೆಳಗಾಯಿತು. ನಾನು ಇರೋದು ಮಿಚಿಗನ್‌ನ ಟ್ರಾಯ್‌ನಲ್ಲಿ. ಕಾರು ಉದ್ಯಮದ ಕೆಲಸ, ಇಲ್ಲಿನ ಅರ್ಧ ಕನ್ನಡಿಗರ ಹಾಗೆ. ಲಿಯೊನಾರ್ಡ್ ಕೊನೆಯವರೆಗೂ ಇದ್ದದ್ದು ನಮ್ಮ ಪಕ್ಕದ ಬ್ಲೂಮ್‌ಫೀಲ್ಡ್ ಕಡೆ. 2013ರ ಆಗಸ್ಟ್‌ನಲ್ಲಿ ತೀರಿಕೊಂಡರು, 87 ವರ್ಷ. ನ್ಯೂಯಾರ್ಕ್‌ಗಾಗಲಿ ಲಾಸ್ ಏಂಜಲೀಸ್‌ಗಾಗಲಿ ಮನೆ ಬದಲಾಯಿಸಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಅವರು ಕುದುರೆಯಿಂದ ಇಳಿಯಲೇ ಇಲ್ಲ. 'ಸಿಟಿ ಪ್ರೈಮೀವಲ್' ಪುಸ್ತಕದ ಉಪಶೀರ್ಷಿಕೆ ಏನು ಗೊತ್ತಾ? 'ಹೈ ನೂನ್ ಇನ್ ಡೆಟ್ರಾಯಿಟ್'. ಹಳೇ ವೆಸ್ಟರ್ನ್ ಸಿನಿಮಾದ ಹೆಸರು. ಕಥೆಯ ಕೊನೆಯಲ್ಲಿ ಪೊಲೀಸು, ಕೊಲೆಗಾರ ಇಬ್ಬರೂ ಎದುರುಬದುರು. ಬಂದೂಕು ಹತ್ತಿರದಲ್ಲೇ ಇದೆ. ಯಾರು ಮೊದಲು ಕೈ ಹಾಕುತ್ತಾರೆ? ಮರುಭೂಮಿ ಬದಲು ಡೆಟ್ರಾಯಿಟ್ ನಗರ ಅಷ್ಟೇ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಆ ಪುಸ್ತಕ ಓದಿದೆ. ಹೊರಗೆ ಮೊಣಕಾಲುದ್ದ ಹಿಮ, ಕಾರು ಹೊರಗೆ ತೆಗೆಯೋ ಹಾಗಿಲ್ಲ. ಪುಸ್ತಕದಲ್ಲಿ ಬರುವ ಬೀದಿಗಳ ಹೆಸರು ನನ್ನ ಆಫೀಸ್ ದಾರಿಯಲ್ಲಿ ಬೋರ್ಡಿನ ಮೇಲೆ ಇದ್ದವು. ಆಮೇಲೆ ವುಡ್‌ವರ್ಡ್ ಅವೆನ್ಯೂನಲ್ಲಿ ಹೋಗುವಾಗಲೆಲ್ಲ ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸೋದು.

ಸಿನಿಮಾ_ಶೆಟ್ಟಿ
ಇದಕ್ಕೆ ದೊಡ್ಡ ಸಾಕ್ಷಿ ರೇಲನ್ ಗಿವನ್ಸ್. 1993ರ 'ಪ್ರೊಂಟೊ'ದಲ್ಲಿ ಮೊದಲು ಬಂದ ಮಾರ್ಷಲ್. ಕೌಬಾಯ್ ಟೋಪಿ ಹಾಕಿಕೊಂಡು ಮಯಾಮಿಯಲ್ಲಿ ಓಡಾಡುತ್ತಾನೆ. ಒಬ್ಬ ಗ್ಯಾಂಗಿನವನಿಗೆ 24 ಗಂಟೆಯಲ್ಲಿ ಊರು ಬಿಡು ಅಂತ ಗಡುವು ಕೊಡುತ್ತಾನೆ. ಇಪ್ಪತ್ತನೇ ಶತಮಾನದ ಕೊನೆಯಲ್ಲಿ! ಇವನ ಮೇಲೇ 'ಜಸ್ಟಿಫೈಡ್' ಅನ್ನೋ ಟಿವಿ ಸರಣಿ, 2010ರಿಂದ 2015, ಆರು ಸೀಸನ್. ತಮಾಷೆ ಅಂದರೆ 2023ರಲ್ಲಿ 'ಸಿಟಿ ಪ್ರೈಮೀವಲ್' ಕಥೆಯನ್ನು ಟಿವಿಗೆ ತಂದಾಗ ರೇಮಂಡ್ ಕ್ರೂಜ್ ಜಾಗಕ್ಕೆ ರೇಲನ್‌ನನ್ನೇ ಕೂರಿಸಿದರು.

ಕೊನೆಬೆಂಚು
ಕೌಬಾಯ್ ಅಂದರೆ ನನಗೆ ನಮ್ಮ ದ್ವಾರಕೀಶ್ ಅವರ 'ಕೌಬಾಯ್ ಕುಳ್ಳ' ಮಾತ್ರ. ಉಳಿದವರೆಲ್ಲ ಆಮೇಲೆ.

ಬಿಸಿಬೇಳೆ
👆 ಇದಕ್ಕೆ ನೂರು ಲೈಕ್.

ಮಲೆನಾಡ_ಮಂಜು
ಡೆಟ್ರಾಯಿಟ್ ದೊರೆಗಳ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಪೂರ್ತಿ ನಂಬಬೇಡಿ. ಎಲ್ಲವನ್ನೂ ವೆಸ್ಟರ್ನ್ ಅಂದುಬಿಟ್ಟರೆ ರಾಮಾಯಣವೂ ವೆಸ್ಟರ್ನ್. ದೊಡ್ಡ ವ್ಯತ್ಯಾಸ ಒಂದಿದೆ. ಹಾಸ್ಯ. ಅವರ 50ರ ದಶಕದ ಪುಸ್ತಕಗಳನ್ನು ಓದಿ. 'ದಿ ಬೌಂಟಿ ಹಂಟರ್ಸ್', 'ದಿ ಲಾ ಅಟ್ ರಂಡಾಡೊ'. ಒಳ್ಳೆಯ ಕಥೆಗಳೇ, ಆದರೆ ನಗು ಕಮ್ಮಿ. ಹೆಮಿಂಗ್ವೇಯನ್ನು ಗುರು ಅಂತ ಇಟ್ಟುಕೊಂಡು ಬರೆಯೋದು ಕಲಿತವರು. ಆಮೇಲೆ ಹೆಮಿಂಗ್ವೇಗೆ ಹಾಸ್ಯವೇ ಇಲ್ಲ, ನನಗೆ ಅದು ಬೇಕು ಅನ್ನಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ತಿರುವು ಬಂದದ್ದು 1972ರಲ್ಲಿ. ಅವರ ಏಜೆಂಟ್ ಸ್ವಾನ್ಸನ್ ಫೋನ್ ಮಾಡಿ ಜಾರ್ಜ್ ಹಿಗಿನ್ಸ್ ಬರೆದ 'ದಿ ಫ್ರೆಂಡ್ಸ್ ಆಫ್ ಎಡ್ಡಿ ಕೋಯ್ಲ್' ಓದು ಅಂದರು. ಬಾಸ್ಟನ್‌ನ ಸಣ್ಣಪುಟ್ಟ ಕಳ್ಳರ ಕಥೆ, ಬಹುಪಾಲು ಬರೀ ಮಾತು. ಲೇಖಕ ನಡುವೆ ಬಾಯಿ ಹಾಕೋದೇ ಇಲ್ಲ. ಅದನ್ನು ಓದಿದ ಮೇಲೆ ಕೈಗೆ ಕಟ್ಟಿದ್ದ ಹಗ್ಗ ಬಿಚ್ಚಿದ ಹಾಗಾಯಿತು. ಪಾತ್ರಗಳು ಮಾತಾಡಲಿ, ನಾನು ಬದಿಗೆ ಸರಿಯುತ್ತೇನೆ ಅಂತ. 1974ರ 'ಫಿಫ್ಟಿ-ಟು ಪಿಕಪ್', 1976ರ 'ಸ್ವ್ಯಾಗ್' ನೋಡಿ. ಅದು ಬೇರೆಯೇ ಮನುಷ್ಯ ಬರೆದ ಹಾಗಿದೆ. ದುಡ್ಡು ಬಾಗಿಲು ತೋರಿಸಿರಬಹುದು, ಒಳಗೆ ಹೋಗಿ ಅವರು ಕಂಡುಕೊಂಡದ್ದು ಬೇರೆ.

ಡೆಟ್ರಾಯಿಟ್_ದೊರೆ
ಮಂಜು ಅವರೇ, 'ಓಂಬ್ರೆ'ಯಲ್ಲೇ ಆ ಕೆಲಸ ಶುರುವಾಗಿದೆ. ಕಥೆ ಹೇಳೋನು ನಾಯಕ ಅಲ್ಲ, ಗಾಡಿ ಕಂಪನಿಯ ಒಬ್ಬ ಹುಡುಗ. ಲೇಖಕ ಆಗಲೇ ಬದಿಗೆ ಸರಿದಿದ್ದಾನೆ.

ಮಲೆನಾಡ_ಮಂಜು
ಹ್ಞಾಂ, ಅದನ್ನು ಒಪ್ಪುತ್ತೇನೆ. ಆದರೆ ನಗು? ನಗು ಎಲ್ಲಿ?

ಕೆರೆದಂಡೆ
'ಓಂಬ್ರೆ' ಬಗ್ಗೆ ಯಾರೂ ಮುಖ್ಯವಾದದ್ದನ್ನು ಹೇಳುತ್ತಿಲ್ಲ. ಗಾಡಿಯೊಳಗೆ ಜಾನ್ ರಸೆಲ್ ಕೂತಿರುತ್ತಾನೆ. ಅವನು ಅಪಾಚೆಗಳ ಜೊತೆ ಬದುಕಿದವನು ಅಂತ ಗೊತ್ತಾಗುತ್ತದೆ. ತಕ್ಷಣ ಒಳಗಿರುವ ದೊಡ್ಡ ಮನುಷ್ಯರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅವನನ್ನು ಮೇಲೆ, ಗಾಡಿ ಓಡಿಸುವವನ ಪಕ್ಕ ಕೂರಿಸುತ್ತಾರೆ. ಯಾರೂ ಕೆಟ್ಟ ಮಾತು ಆಡೋದಿಲ್ಲ. ಎಲ್ಲ ನಯವಾಗಿ ನಡೆಯುತ್ತದೆ. ಅವನನ್ನು ಮೇಲೆ ಕಳಿಸಿದ ಮನುಷ್ಯ ಯಾರು? ಅಪಾಚೆಗಳಿಗೆ ಸೇರಬೇಕಾದ ಮಾಂಸದ ದುಡ್ಡು ತಿಂದ ಸರ್ಕಾರಿ ಅಧಿಕಾರಿ. ಆಮೇಲೆ ದರೋಡೆಕೋರರು ಬಂದಾಗ ಎಲ್ಲರೂ ಇವನ ಹಿಂದೆಯೇ ಓಡಬೇಕು. ನೀರಿನ ಚೀಲ ಇವನ ಕೈಯಲ್ಲಿ.

ನಮ್ಮ ಅಜ್ಜನ ಊರಿನಲ್ಲಿ ಹೋಟೆಲಿನ ಹೊರಗೆ ಗೂಟಕ್ಕೆ ಬೇರೆ ಲೋಟ ಸಿಕ್ಕಿಸಿರುತ್ತಿದ್ದರಂತೆ. ಅದರ ಬಗ್ಗೆ ಅಜ್ಜ ಹೇಳುವಾಗ ಬೈಯುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದ. ಆ ಸುಮ್ಮನೆ ಹೇಳೋ ರೀತಿ ಈ ಪುಸ್ತಕದಲ್ಲಿ ಇದೆ. ರಸೆಲ್ ಎಲ್ಲೂ ಭಾಷಣ ಮಾಡೋದಿಲ್ಲ. ಅದಕ್ಕೇ ನನಗೆ ಅವರ ಕ್ರೈಮ್ ಪುಸ್ತಕಗಳಿಗಿಂತ ಇದು ದೊಡ್ಡದು. ಎಷ್ಟು ನಗಿಸಿದರೂ ಅಷ್ಟೇ.

ಹಳೆಪುಸ್ತಕ_ಹುಚ್ಚ
ನಾನು ಓದುವಾಗ ಅದೇ ಜಾಗದಲ್ಲಿ ನಿಂತಿದ್ದೆ. ಯಾಕೆ ಅಂತ ಹೇಳೋಕೆ ಬಂದಿರಲಿಲ್ಲ. ಧನ್ಯವಾದ.

ನಿದ್ದೆಗೆಟ್ಟವಳು
ಕೊನೆ ಏನಾಗುತ್ತೆ ಅಂತ ಯಾರೂ ಹೇಳಬೇಡಿ ದಯವಿಟ್ಟು. ಈಗಷ್ಟೇ ಆರ್ಡರ್ ಮಾಡಿದೆ.

ಕೊನೆಬೆಂಚು
ನಾಯಕ ಸಾಯು

ನಿದ್ದೆಗೆಟ್ಟವಳು
ನಿಮ್ಮ ಬೆಂಚು ಮುರಿಯಲಿ.

ಕೊನೆಬೆಂಚು
ಸಾಯುವ ಹಾಗೆ ಓಡುತ್ತಾನೆ ಅಂತ ಬರೆಯೋಕೆ ಹೊರಟಿದ್ದೆ ಅಕ್ಕ.

ಪದಪದ್ಮ
'ವಾಲ್ಡೆಜ್ ಈಸ್ ಕಮಿಂಗ್' ಕೂಡ ಇದೇ ಸಾಲಿನದು. ಊರಿನ ಕಾವಲಿನ ಕೆಲಸದ ಒಬ್ಬ ಮೆಕ್ಸಿಕನ್ ಮೂಲದವನು, ಬೇರೆಯವರ ತಪ್ಪಿನಿಂದ ಒಬ್ಬ ನಿರಪರಾಧಿಯನ್ನು ಕೊಲ್ಲಬೇಕಾಗುತ್ತದೆ. ಸತ್ತವನ ಹೆಂಗಸಿಗೆ ಏನಾದರೂ ಪರಿಹಾರ ಕೊಡಿ ಅಂತ ದೊಡ್ಡವರ ಹತ್ತಿರ ಹೋಗುತ್ತಾನೆ. ಕೇಳೋದು ಬರೀ ಒಂದಿಷ್ಟು ದುಡ್ಡು. ಕೊಡೋದಿಲ್ಲ. ಅಲ್ಲಿಂದ ಶುರು. ಆ ಒಂದಿಷ್ಟು ದುಡ್ಡಿಗೆ ಎಷ್ಟು ಹೆಣ ಬೀಳುತ್ತದೆ ನೋಡಿ.

ಪತ್ತೇದಾರಿ_ಪುಟ್ಟಣ್ಣ
ಒಂದು ಪ್ರಶ್ನೆ. ಡೆಟ್ರಾಯಿಟ್‌ನಲ್ಲಿ ಕೂತು ಅರಿಜೋನಾ ಬಗ್ಗೆ ಹೇಗೆ ಬರೆದ? ಅಲ್ಲಿ ಇದ್ದನಾ?

ಲೆಕ್ಕದ_ಮೇಷ್ಟ್ರು
ಇಲ್ಲ. 'ಅರಿಜೋನಾ ಹೈವೇಸ್' ಅನ್ನೋ ಪತ್ರಿಕೆಗೆ ಚಂದಾದಾರರಾಗಿದ್ದರು. ಅದರಲ್ಲಿ ಬರುವ ಬಣ್ಣದ ಫೋಟೋ ನೋಡಿ ಕಣಿವೆ, ಗುಡ್ಡ, ಗಿಡ ಎಲ್ಲ ಬರೆಯೋದು. ಸೈನ್ಯ, ಅಪಾಚೆಗಳ ವಿವರಕ್ಕೆ ಹಳೇ ಸೇನಾಧಿಕಾರಿಗಳ ನೆನಪಿನ ಪುಸ್ತಕಗಳು.

ಬಿಸಿಬೇಳೆ
ಅಂದರೆ ಅವತ್ತೇ ವರ್ಕ್ ಫ್ರಮ್ ಹೋಮ್.

ಪತ್ತೇದಾರಿ_ಪುಟ್ಟಣ್ಣ
ನಮ್ಮ ಎನ್. ನರಸಿಂಹಯ್ಯನವರ ನೆನಪಾಯಿತು. ಅವರೂ 1925ರಲ್ಲೇ ಹುಟ್ಟಿದವರು, ನೋಡಿ. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು 500ಕ್ಕೂ ಜಾಸ್ತಿ ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ! ನಮ್ಮ ತಂದೆ ದಿನಬಾಡಿಗೆ ಕೊಟ್ಟು ತರುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಮುಗಿಸಿ ನನಗೆ ಕೊಡೋರು, ಬೆಳಿಗ್ಗೆ ವಾಪಸ್ ಕೊಡಬೇಕು. ನಾನು ಕನ್ನಡ ಸರಾಗವಾಗಿ ಓದೋಕೆ ಕಲಿತದ್ದು ಪಠ್ಯಪುಸ್ತಕದಿಂದ ಅಲ್ಲ, ಪುರುಷೋತ್ತಮನಿಂದ. ಲಿಯೊನಾರ್ಡ್ ಬರೆದದ್ದು ನಲವತ್ತು ಚಿಲ್ಲರೆ. ಅವರನ್ನು ಬಿಡುವಿಲ್ಲದೆ ಬರೆದವರು ಅಂತೀರಿ. ನಮ್ಮವರನ್ನು ಏನಂತೀರಿ?

ಮಲೆನಾಡ_ಮಂಜು
ಸಂಖ್ಯೆ ಹೋಲಿಸೋದು ಬೇಡ ಪುಟ್ಟಣ್ಣ. ಆದರೆ ಇಬ್ಬರಿಗೂ ಆಗಿದ್ದು ಒಂದೇ. ಸಾಹಿತ್ಯದ ದೊಡ್ಡವರು ಬಹಳ ಕಾಲ ತಿರುಗಿಯೂ ನೋಡಲಿಲ್ಲ. ಲಿಯೊನಾರ್ಡ್‌ಗೆ 1985ರಲ್ಲಿ 'ಗ್ಲಿಟ್ಜ್' ಬಂದಾಗ ರಾತ್ರೋರಾತ್ರಿ ಹೆಸರು ಬಂತು ಅಂದರು ಪತ್ರಿಕೆಯವರು. ಆ ರಾತ್ರಿ 30 ವರ್ಷ ಉದ್ದ ಇತ್ತು. 2012ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಫೌಂಡೇಶನ್ ಪದಕ ಕೊಟ್ಟಿತು, ತೀರಿಕೊಳ್ಳುವ ಹಿಂದಿನ ವರ್ಷ. ನರಸಿಂಹಯ್ಯನವರಿಗೆ ನಾವು ಏನು ಕೊಟ್ಟೆವು?

ಪತ್ತೇದಾರಿ_ಪುಟ್ಟಣ್ಣ
ಕೇಳಬೇಡಿ. ಹೊಟ್ಟೆ ಉರಿಯುತ್ತದೆ.

ಧಾರವಾಡ_ಪೇಡೆ
ನಾನು ಅವರ ಹತ್ತು ನಿಯಮಗಳ ಸಲುವಾಗಿ ಬಂದೆ. 2001ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದದ್ದು. ಹವಾಮಾನದಿಂದ ಪುಸ್ತಕ ಶುರು ಮಾಡಬೇಡಿ ಅನ್ನೋದು ಮೊದಲನೇದು. ನಮ್ಮ ಕನ್ನಡದ ಅರ್ಧ ಕಾದಂಬರಿಗಳು ಮಳೆಯಿಂದ ಶುರುವಾಗುತ್ತವೆ, ಉಳಿದರ್ಧ ಬಸ್ಸಿನಿಂದ! 'ಇದ್ದಕ್ಕಿದ್ದಂತೆ' ಅನ್ನೋ ಥರದ ಪದ ಬಳಸಲೇಬೇಡಿ ಅಂತ ಇನ್ನೊಂದು. ಅದನ್ನು ತೆಗೆದರೆ ನಮ್ಮ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಯೇ ಆಗೋದಿಲ್ಲ.

ಬಿಸಿಬೇಳೆ
'ಇದ್ದಕ್ಕಿದ್ದಂತೆ ದೀಪ ಆರಿತು' ಇಲ್ಲದೆ ಪುರುಷೋತ್ತಮ ಏನು ಮಾಡಬೇಕು ಪಾಪ?

ಕೊನೆಬೆಂಚು
ಬೆಸ್ಕಾಂಗೆ ಫೋನ್.

ಧಾರವಾಡ_ಪೇಡೆ
ನನಗೆ ಜಗಳ ಇರೋದು ಏಳನೇ ನಿಯಮದ ಮೇಲೆ. ಆಡುಭಾಷೆಯನ್ನು ಮಿತವಾಗಿ ಬಳಸಿ ಅಂತಾರೆ. ಹಂಗ ಅಂದ್ರ ಹೆಂಗ್ರೀ? ನಮ್ಮ ಕಡೆ ಪಾತ್ರ ಬೆಂಗಳೂರು ಕನ್ನಡ ಮಾತಾಡಿದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ.

ಪದಪದ್ಮ
ಅವರು ಹೇಳಿದ್ದು ಕಾಗುಣಿತದ ಆಟದ ಬಗ್ಗೆ. ಪ್ರತಿ ಪದವನ್ನೂ ಉಚ್ಚಾರದ ಹಾಗೆ ಮುರಿದು ಬರೆಯೋಕೆ ಹೊರಟರೆ ನಿಲ್ಲಿಸೋದು ಕಷ್ಟ ಅಂತ. ಮಾತಿನ ಲಯ ಹಿಡಿಯಬೇಡಿ ಅಂದಿಲ್ಲ. ಲಯವೇ ಅವರ ಬಂಡವಾಳ.

ಆದರೆ ಮೂರನೇ ನಿಯಮ ನೋಡಿ. ಸಂಭಾಷಣೆಗೆ 'ಎಂದ' ಬಿಟ್ಟು ಬೇರೆ ಕ್ರಿಯಾಪದ ಬೇಡ ಅಂತಾರೆ. ಗುಡುಗಿದ, ಉಸುರಿದಳು, ಗರ್ಜಿಸಿದ, ಯಾವುದೂ ಬೇಡ. ಕನ್ನಡದಲ್ಲಿ ಇದು ಇನ್ನೂ ಸಲೀಸು. 'ಅಂದ', 'ಅಂದಳು', 'ಅಂದರು'. ಗಂಡೋ ಹೆಣ್ಣೋ ಹಿರಿಯರೋ ಒಂದೇ ಪದದಲ್ಲಿ ಬಂತು. ಹೆಸರೂ ಬೇಕಿಲ್ಲ. ಇಂಗ್ಲಿಷಿನಲ್ಲಿ ಅವರಿಗೆ ಈ ಸೌಲಭ್ಯ ಇರಲಿಲ್ಲ.

ಧಾರವಾಡ_ಪೇಡೆ
ಅದು ಖರೆ. ಇನ್ನೊಂದು ಹೇಳಲಾ? ನಾನು ಸುಮ್ನೆ ಚಟಕ್ಕೆ 'ಪ್ರೊಂಟೊ'ದ ಒಂದೆರಡು ಪುಟ ಕನ್ನಡಕ್ಕೆ ಮಾಡೋಕೆ ಹೋಗಿ ಸಿಕ್ಕಿಹಾಕಿಕೊಂಡೆ. ಆ ಊರು ಬಿಡು ಅನ್ನೋ ಮಾತು ಬಂತು. ರೇಲನ್ ಆ ಗ್ಯಾಂಗಿನವನಿಗೆ 'ನೀನು' ಅನ್ನಬೇಕಾ, 'ನೀವು' ಅನ್ನಬೇಕಾ? ಎರಡು ದಿನ ಅಲ್ಲೇ ನಿಂತೆ.

ಸಿನಿಮಾ_ಶೆಟ್ಟಿ
'ನೀನು'. ಪೊಲೀಸು, ರೌಡಿಗೆ ಹೇಳೋದು. ಯೋಚನೆ ಮಾಡೋಕೆ ಏನಿದೆ?

ಕೆರೆದಂಡೆ
ಇಲ್ಲ, 'ನೀವು'. ರೇಲನ್ ಮರ್ಯಾದಸ್ಥ. ಕೂಗಾಡೋನಲ್ಲ. 'ನೀವು ನಾಳೆ ಮಧ್ಯಾಹ್ನದೊಳಗೆ ಊರು ಬಿಡಿ' ಅಂದರೆ ಬೆನ್ನು ತಣ್ಣಗಾಗುತ್ತದೆ. 'ಬಿಡೋ' ಅಂದರೆ ಅದು ಬಸ್ ಸ್ಟ್ಯಾಂಡ್ ಜಗಳ.

ಧಾರವಾಡ_ಪೇಡೆ
ಹೌದಲ್ರೀ! ನಾನು 'ನೀನು' ಅಂತ ಬರೆದಿದ್ದೆ, ಅದಕ್ಕೇ ಸಪ್ಪಗೆ ಬಂದಿತ್ತು.

ಪದಪದ್ಮ
ಮತ್ತೆ ಗುಂಡು ಹೊಡೆಯುವ ಮುಂಚಿನ ಒಂದೇ ಒಂದು ವಾಕ್ಯದಲ್ಲಿ 'ನೀನು'ಗೆ ಇಳಿಸಿ ನೋಡಿ. ಬೇರೆ ವಿವರಣೆಯೇ ಬೇಡ.

ಮಲೆನಾಡ_ಮಂಜು
ಈ ಪುಟದಲ್ಲಿ ಬಂದ ಅತಿ ಒಳ್ಳೆಯ ಮಾತು ಇದು. ಇದರ ಮುಂದೆ ನನ್ನ ಎಡ್ಡಿ ಕೋಯ್ಲ್ ಭಾಷಣ ಸಪ್ಪೆ.

ಸಿನಿಮಾ_ಶೆಟ್ಟಿ
ಆ ಹತ್ತು ನಿಯಮಗಳನ್ನು ಅವರೇ ಪೂರ್ತಿ ಪಾಲಿಸಿಲ್ಲ ಬಿಡಿ. ಓದುಗರು ಹಾರಿಸೋ ಭಾಗವನ್ನು ಬರೆಯಬೇಡಿ ಅನ್ನೋದೊಂದು ಪಾಲಿಸಿದ್ದಾರೆ. ಅದಕ್ಕೇ ಸಿನಿಮಾದವರು ಮುಗಿಬಿದ್ದರು. 'ತ್ರೀ-ಟೆನ್ ಟು ಯೂಮಾ' 1957ರಲ್ಲಿ ಒಂದು ಸಲ, 2007ರಲ್ಲಿ ಇನ್ನೊಂದು ಸಲ. ಕಥೆಯಲ್ಲಿ ಕೈದಿಯನ್ನು ರೈಲಿಗೆ ಕರೆದೊಯ್ಯೋನು ಒಬ್ಬ ಡೆಪ್ಯುಟಿ ಮಾರ್ಷಲ್. ಸಿನಿಮಾದಲ್ಲಿ ಅವನನ್ನು ಸಾಲದಲ್ಲಿ ಮುಳುಗಿದ ರೈತ ಮಾಡಿದರು. ಒಳ್ಳೆಯ ಬದಲಾವಣೆ ಅಂತೀನಿ. ಸಂಬಳಕ್ಕೆ ಮಾಡೋನಿಗಿಂತ ಸಾಲಕ್ಕೆ ಮಾಡೋನು ಹೆಚ್ಚು ಹತ್ತಿರ ಆಗುತ್ತಾನೆ.

'ಜಾಕಿ ಬ್ರೌನ್' ಕಥೆ ಇನ್ನೂ ಮಜಾ. ಅದರ ನಿರ್ದೇಶಕ ಟ್ಯಾರಂಟಿನೊ ಹುಡುಗನಾಗಿದ್ದಾಗ ಲಿಯೊನಾರ್ಡ್‌ರ 'ದಿ ಸ್ವಿಚ್' ಅಂಗಡಿಯಿಂದ ಕದಿಯಲು ಹೋಗಿ ಸಿಕ್ಕಿಬಿದ್ದಿದ್ದ. ದೊಡ್ಡವನಾದ ಮೇಲೆ ಅದೇ ಪುಸ್ತಕದ ಇಬ್ಬರು ಕಳ್ಳರು ಮತ್ತೆ ಬರುವ 'ರಮ್ ಪಂಚ್' ಕಾದಂಬರಿಯನ್ನು 1997ರಲ್ಲಿ ಸಿನಿಮಾ ಮಾಡಿದ. ಈ ಸಲ ದುಡ್ಡು ಕೊಟ್ಟು.

ನಿದ್ದೆಗೆಟ್ಟವಳು
1977ರ ಬಗ್ಗೆ ಯಾರೂ ಹೇಳಲಿಲ್ಲ. ಆ ವರ್ಷ ಅವರು ಕುಡಿಯೋದು ಪೂರ್ತಿ ಬಿಟ್ಟರು, ಮತ್ತೆ ಮುಟ್ಟಲಿಲ್ಲ. ದೊಡ್ಡ ಹೆಸರು ತಂದ ಪುಸ್ತಕಗಳು ಬಹುಪಾಲು ಅದರ ನಂತರದವು. ನನ್ನ ಪ್ರಕಾರ ಪಲ್ಪ್ ಪತ್ರಿಕೆ ಮುಚ್ಚಿದ್ದಕ್ಕಿಂತ, ಎಡ್ಡಿ ಕೋಯ್ಲ್‌ಗಿಂತ ಇದೇ ದೊಡ್ಡ ತಿರುವು. ನಮ್ಮ ಮನೆಯಲ್ಲಿ ಒಬ್ಬರು ಬಿಟ್ಟದ್ದನ್ನು ನೋಡಿದ್ದೇನೆ. ಅವರಿಗೆ ಬೆಳಗಿನ ಹೊತ್ತು ವಾಪಸ್ ಸಿಕ್ಕಿತು. ಬರೆಯೋರಿಗೆ ಅದು ಎಷ್ಟು ದೊಡ್ಡದು ಅಂತ ಊಹಿಸಬಹುದು.

ಡೆಟ್ರಾಯಿಟ್_ದೊರೆ
ಒಳ್ಳೆಯ ಮಾತು. ಅವರ ದಿನಚರಿಯೂ ಹಾಗೇ ಇತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮೇಜಿಗೆ ಕೂತರೆ ಸಂಜೆ ಆರರವರೆಗೆ. ಗೆರೆ ಇಲ್ಲದ ಹಳದಿ ಹಾಳೆ, ಪೆನ್ನು, ಆಮೇಲೆ ಟೈಪ್‌ರೈಟರ್. ಕೊನೆವರೆಗೂ ಕೈಬರಹ.

ಕೊನೆಬೆಂಚು
ಅಷ್ಟು ಹೊತ್ತಿಗೆ ಕಾಫಿಗೆ ನೀರಿಟ್ಟಿದ್ದರಾ?

ಹಳೆಪುಸ್ತಕ_ಹುಚ್ಚ
ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಮಂಜು ಅವರ ಮಾತಿಗೂ ಮೇಷ್ಟ್ರ ಲೆಕ್ಕಕ್ಕೂ ನಡುವೆ ಎಲ್ಲೋ ನಿಂತಿದ್ದೇನೆ. ಡೆಟ್ರಾಯಿಟ್ ದೊರೆಗಳನ್ನು ನಂಬೋಕೆ 'ಸಿಟಿ ಪ್ರೈಮೀವಲ್' ಓದಬೇಕು. ಯಾರ ಹತ್ತಿರ ಇದೆ? ಬೆಂಗಳೂರಿನಲ್ಲಿದ್ದರೆ ನಾನೇ ಬಂದು ತಗೊಂಡು ಹೋಗ್ತೀನಿ.

ಸಿನಿಮಾ_ಶೆಟ್ಟಿ
ನನ್ನ ಹತ್ತಿರ ಇತ್ತು. 2016ರಲ್ಲಿ ಒಬ್ಬರಿಗೆ ಕೊಟ್ಟೆ.

ಬಿಸಿಬೇಳೆ
ಇಲ್ಲಿ ಕೊನೆಗೂ ಒಂದು ನಿಜವಾದ ಪತ್ತೇದಾರಿ ಕೇಸು ಸಿಕ್ಕಿತು. ಪುಟ್ಟಣ್ಣ, ಎಲ್ಲಿದ್ದೀರಿ?

ಪತ್ತೇದಾರಿ_ಪುಟ್ಟಣ್ಣ
ಕಳ್ಳ ಯಾರು ಅಂತ ಶೆಟ್ಟರಿಗೆ ಆಗಲೇ ಗೊತ್ತಿದೆ. ಹಾಗಾಗಿ ಇದೂ ಪತ್ತೇದಾರಿ ಅಲ್ಲ.